ಅವ್ವನ ಹೆಬ್ಬೆಟ್ಟು ಪಿಎಚ್‌ಡಿ ಫಾರ್ಮ್ ಮೇಲಿದೆ, ವಾಪಸ್ ತೆಗೆಸಬೇಕಾ?

ಪ್ರಶ್ನೆ: ಮೇಡಂ, ನಾನು ಬನಹಟ್ಟಿಯವನು, ವಯಸ್ಸು 28. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅಲ್ಲಿಂದ ಅವ್ವ ಮೊದಲಿನ ಹಾಗಿಲ್ಲ. ಆಕೆಗೆ 54 ವರ್ಷ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆ ಡವಡವ ಅಂತದೆ, ಅಂಗಾಲು ಉರಿ ಅಂತಾಳೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾ ಓಣಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದವಳು ಈಗ ಮೂಲೆ ಹಿಡಿದು ಕೂತಿರುತ್ತಾಳೆ. ಇಸಿಜಿ, ಶುಗರ್, ಥೈರಾಯ್ಡ್ ಎಲ್ಲ ನಾರ್ಮಲ್ ಬಂತು. ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ತೋರಿಸಿದೆವು. ಖಿನ್ನತೆ ಅಂದರು, ದಿನಕ್ಕೊಂದು ಮಾತ್ರೆ ಕೊಟ್ಟರು. ಮೂರು ವಾರ ಆಯ್ತು, ನಿದ್ದೆ ಸ್ವಲ್ಪ ಬರುತ್ತಿದೆ.

ಅದೇ ದಿನ ಅಲ್ಲಿ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬರು ಅವ್ವನಿಗೆ ಒಂಬತ್ತು ಪ್ರಶ್ನೆ ಕೇಳಿದರು. ಅದರಲ್ಲೊಂದು ಸಾಯುವ ಯೋಚನೆ ಬರುತ್ತದಾ ಅಂತ. ಅವ್ವ ‘ಒಮ್ಮೊಮ್ಮೆ ಹೋಗಿಬಿಟ್ಟರ ಚಲೋ ಅನಸ್ತದ’ ಅಂದಳು. ಆ ಹುಡುಗಿ ಕೂಡಲೇ ಡಾಕ್ಟರನ್ನು ಕರೆದರು, ಅವರು ಮತ್ತೆ ಮಾತಾಡಿದರು. ಆಮೇಲೆ ಒಂದು ಫಾರ್ಮ್ ಕೊಟ್ಟು ಏನೇನೋ ವಿವರಿಸಿದರು. ನನಗೆ ಬಸ್ಸಿನ ಗಡಿಬಿಡಿ. ಅವ್ವನಿಗೆ ‘ಒತ್ತು’ ಅಂದೆ, ಹೆಬ್ಬೆಟ್ಟು ಒತ್ತಿದಳು. ಮನೆಗೆ ಬಂದು ಕೇಳಿದಾಗ ಗೊತ್ತಾಯ್ತು, ಎರಡು ಗುಂಪು ಮಾಡ್ತಾರಂತೆ. ಒಂದಕ್ಕೆ ಮಾತ್ರೆ ಜೊತೆ ವಾರಕ್ಕೊಮ್ಮೆ ಮಾತಿನ ಚಿಕಿತ್ಸೆ. ಇನ್ನೊಂದಕ್ಕೆ ಮಾತ್ರೆ ಅಷ್ಟೇ, ತಿಂಗಳಿಗೊಮ್ಮೆ ಅದೇ ಪ್ರಶ್ನೆ. ಅವ್ವ ಎರಡನೇ ಗುಂಪಿಗೆ ಬಂದಿದ್ದಾಳೆ. ಕಾಕಾ ಸಿಟ್ಟಾಗಿದ್ದಾರೆ. ‘ನಮ್ಮ ಮ್ಯಾಲೆ ಪ್ರಯೋಗ ಮಾಡಿ ಅವರು ಡಿಗ್ರಿ ತಗೋತಾರ. ಇಲ್ಲದ್ದು ಕೇಳಿ ಸಾಯೋ ವಿಚಾರ ತಲ್ಯಾಗ ಹಾಕ್ಯಾರ. ನಾಳೆ ಪುಸ್ತಕದಾಗ ಹೆಸರು ಬಂದರ ಹುಡುಗಿ ಲಗ್ನ ಹೆಂಗ?’ ಅಂತಾರೆ. ತಂಗಿಗೆ ಸಂಬಂಧ ನೋಡುತ್ತಿದ್ದೇವೆ. ಅವ್ವನನ್ನು ಇದರಿಂದ ಬಿಡಿಸಲಾ?

ಉತ್ತರ: ನೀವು ಕೇಳಿದ್ದು ಒಂದೇ ಪ್ರಶ್ನೆ, ಒಳಗೆ ನಾಲ್ಕು ಭಯಗಳಿವೆ. ಅವ್ವ ಪ್ರಯೋಗದ ವಸ್ತು ಆದಳಾ? ಸಿಗಬೇಕಾದ ಚಿಕಿತ್ಸೆ ತಪ್ಪಿತಾ? ಸಾವಿನ ಮಾತು ಕೇಳಿದ್ದೇ ತಪ್ಪಾಯಿತಾ? ತಂಗಿಯ ಸಂಬಂಧಕ್ಕೆ ಅಡ್ಡಿ ಬರುತ್ತಾ? ಮೊದಲೇ ಹೇಳಿಬಿಡುತ್ತೇನೆ, ನಾನು ಬೆಳಗಾವಿಯಲ್ಲಿ ಇಂಥದೇ ಸಂಶೋಧನೆ ಮಾಡುವವಳು, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಗೈಡ್ ಕೂಡ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ಸಾವಿನ ಪ್ರಶ್ನೆಯಿಂದ ಶುರು ಮಾಡೋಣ, ಉಳಿದದ್ದು ಕಾಯುತ್ತದೆ.

ಆ ಒಂಬತ್ತು ಪ್ರಶ್ನೆಗಳ ಪಟ್ಟಿ ಬಹುಶಃ ಪಿಎಚ್‌ಕ್ಯೂ-9. ಜಗತ್ತಿನ ಎಷ್ಟೋ ದೇಶಗಳಲ್ಲಿ ಖಿನ್ನತೆ ಅಳೆಯಲು ಬಳಸುವುದು ಇದನ್ನೇ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಕೆಲಸದಲ್ಲಿ ಮನಸ್ಸು ನಿಂತಿತಾ ಅಂತ ಕೇಳುತ್ತಾರೆ. ಒಂದು ದಿನವೂ ಇಲ್ಲ ಅಂದರೆ ಸೊನ್ನೆ, ಕೆಲವು ದಿನ ಅಂದರೆ ಒಂದು, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ ಎರಡು, ಹೆಚ್ಚುಕಡಿಮೆ ದಿನಾಲೂ ಅಂದರೆ ಮೂರು. ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಯಾಗಿ ನೋಡಬೇಕು ಅನ್ನುವುದು ರೂಢಿ. ಒಂಬತ್ತನೆಯದು ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ. ಯಾರ ಮೇಲೆ ಅನುಮಾನ ಬಂತು ಅಂತಲ್ಲ, ಎಲ್ಲರಿಗೂ ಕೇಳುತ್ತಾರೆ.

ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವ ಹೆದರಿಕೆ ಕಾಕಾ ಒಬ್ಬರದ್ದಲ್ಲ. ನರ್ಸ್‌ಗಳಿಗೂ ಇದೆ, ಕೆಲವು ಡಾಕ್ಟರುಗಳಿಗೂ ಇದೆ. ಇದನ್ನು ನೇರವಾಗಿಯೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬಗ್ಗೆ ಕೇಳಿದರು, ಕೆಲವರಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ಎರಡೂ ಕಡೆಯವರನ್ನು ನೋಡಿದರು. ಕೇಳಿಸಿಕೊಂಡವರಲ್ಲಿ ಯೋಚನೆ ಜಾಸ್ತಿ ಆಗಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೂ ಆಗಿರಲಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನ ಇದು. ಆಮೇಲೆ ಬಂದ ಎಷ್ಟೋ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಇದೇ ಕಂಡಿದೆ.

ನನ್ನ ಒಪಿಡಿಯಲ್ಲಿ ಮೇಲಿಂದ ಮೇಲೆ ಕಾಣುವ ದೃಶ್ಯ ಬೇರೆ. ಆ ಪ್ರಶ್ನೆ ಬಂದ ಕೂಡಲೇ ಪಕ್ಕದಲ್ಲಿರುವ ಮಗನೋ ಗಂಡನೋ ಬಾಯಿ ಹಾಕುತ್ತಾರೆ. ‘ಏ, ಇಲ್ರಿ, ಹಂಗೆಲ್ಲಾ ವಿಚಾರ ಮಾಡಂಗಿಲ್ರಿ ಆಕಿ.’ ಹೆಣ್ಣುಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿರುತ್ತಾಳೆ. ಅವರನ್ನು ಹೊರಗೆ ಚಹಾಕ್ಕೆ ಕಳಿಸಿ ಮತ್ತೆ ಕೇಳಿದರೆ ಮಾತು ಹೊರಗೆ ಬರುತ್ತದೆ. ಕೆಲವರು ಅದನ್ನು ತಿಂಗಳುಗಟ್ಟಲೆ ಒಬ್ಬರೇ ಹೊತ್ತುಕೊಂಡು ಓಡಾಡಿರುತ್ತಾರೆ. ನಿಮ್ಮ ಅವ್ವ ನಿಮ್ಮೆದುರಿಗೇ ಹೇಳಿದಳಲ್ಲ, ಅದು ಒಳ್ಳೇದೇ ಆಯ್ತು. ಆ ಹುಡುಗಿ ಅಂಕ ಬರೆದುಕೊಂಡು ಪುಟ ತಿರುಗಿಸಲಿಲ್ಲ, ಡಾಕ್ಟರನ್ನು ಕರೆದರು. ಮಾಡಬೇಕಾದ್ದನ್ನೇ ಮಾಡಿದ್ದಾರೆ. ಅಧ್ಯಯನ ಸರಿಯಾಗಿ ನಡೆಯುತ್ತಿದೆ ಅನ್ನುವುದಕ್ಕೆ ನನಗೆ ನಿಮ್ಮ ಪತ್ರದಲ್ಲಿ ಸಿಕ್ಕ ಮೊದಲ ಗುರುತು ಇದು.

ಈಗ ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪ ಇದೆ. ಮಾತ್ರೆ ಡಬ್ಬಿ ನಿಮ್ಮ ಹತ್ತಿರವೇ ಇರಲಿ, ದಿನದ್ದು ದಿನ ಕೊಡಿ. ಬಣ್ಣದ ಕೆಮಿಕಲ್, ಹೊಲದ ಔಷಧ ಏನಿದ್ದರೂ ಮನೆಯಿಂದ ಆಚೆ ಇಡಿ, ಇಲ್ಲವೇ ಬೀಗ ಹಾಕಿ. ಒಬ್ಬಳನ್ನೇ ಬಹಳ ಹೊತ್ತು ಬಿಡಬೇಡಿ. ವಾರಕ್ಕೊಮ್ಮೆಯಾದರೂ ‘ಅವ್ವಾ, ಅವತ್ತು ಹೇಳಿದಿಯಲ್ಲ, ಹಂಗ ಈಗೂ ಅನಸ್ತದೇನು?’ ಅಂತ ನೀವೇ ಕೇಳಿ. ‘ಹೌದು, ಜಾಸ್ತಿ ಆಗ್ಯದ’ ಅಂದರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಹೊತ್ತಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಾತ್ರೆ ವಿಷಯ ಎರಡೇ ಮಾತು. ಖಿನ್ನತೆಯ ಮಾತ್ರೆಗೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲು ನಿದ್ದೆ, ಹಸಿವು ಸುಧಾರಿಸುತ್ತವೆ, ಮನಸ್ಸು ಹಿಂದಿನಿಂದ ಬರುತ್ತದೆ. ಮೂರು ವಾರಕ್ಕೆ ನಿದ್ದೆ ಬಂದಿದೆ ಅಂದರೆ ದಾರಿ ಸರಿ ಇದೆ. ಇದು ಚಟ ಹಿಡಿಸುವ ಮಾತ್ರೆಯಲ್ಲ, ಆದರೆ ತಟ್ಟನೆ ನಿಲ್ಲಿಸಿದರೆ ತಲೆ ಸುತ್ತು, ಸಿಡಿಮಿಡಿ ಬರಬಹುದು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ಸಿಟ್ಟಿನಲ್ಲಿ ಸಂಶೋಧನೆ ಬಿಡುವಾಗ ಮಾತ್ರೆಯನ್ನೂ ಬಿಡುವವರಿದ್ದಾರೆ. ಅದೊಂದು ಆಗಬಾರದು.

ಇನ್ನು ‘ಪ್ರಯೋಗ’ದ ಮಾತು. ಕಾಕಾನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಒಂದು ಯೋಜನೆ ನಡೆಯಿತು. ಗಲಾಟೆಯಾಗಿ 2010ರಲ್ಲಿ ನಿಂತಿತು. ಆಮೇಲೆ ತನಿಖೆ ಮಾಡಿದಾಗ ಏನು ಕಂಡಿತು ಗೊತ್ತಾ? ಎಷ್ಟೋ ಕಡೆ ಒಪ್ಪಿಗೆ ಪತ್ರಕ್ಕೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್, ಹೆಡ್‌ಮಾಸ್ಟರ್ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆಯ ಗುಣ ದೋಷದ ವಾದ ಬೇರೆ. ಆ ಮಕ್ಕಳ ಪರವಾಗಿ ಸಹಿ ಹಾಕಲು ಹಕ್ಕೇ ಇಲ್ಲದವರು ಹಾಕಿದರು, ಅನ್ಯಾಯ ಇದ್ದದ್ದು ಅಲ್ಲಿ.

ನಿಮ್ಮ ಅವ್ವನ ವಿಷಯದಲ್ಲಿ ನಡೆಯುತ್ತಿರುವುದು ಔಷಧದ ಪರೀಕ್ಷೆಯಲ್ಲ. ಮಾತ್ರೆ ಕೊಟ್ಟಿದ್ದು ಮನೋವೈದ್ಯರು, ಎಲ್ಲ ರೋಗಿಗಳಿಗೂ ಕೊಡುವ ಹಾಗೆ. ಕ್ಲಿನಿಕಲ್ ಸೈಕಾಲಜಿಯವರು ನಾವು ಮಾತ್ರೆ ಬರೆಯುವುದೇ ಇಲ್ಲ. ನಮ್ಮ ಕೆಲಸ ಪರೀಕ್ಷಿಸುವುದು, ಅಳೆಯುವುದು, ಮಾತಿನ ಮೂಲಕ ಚಿಕಿತ್ಸೆ ಕೊಡುವುದು. ಆ ವಿದ್ಯಾರ್ಥಿ ನೋಡಲು ಹೊರಟಿರುವುದು ಇಷ್ಟೇ: ಮಾತ್ರೆ ಜೊತೆ ಮಾತಿನ ಚಿಕಿತ್ಸೆಯೂ ಸೇರಿದರೆ ನಮ್ಮ ಊರಿನ ಜನಕ್ಕೆ ಎಷ್ಟು ಹೆಚ್ಚು ಉಪಯೋಗ ಆಗುತ್ತದೆ? ಎರಡನೇ ಗುಂಪಿನವರ ಕೈಯಿಂದ ಏನನ್ನೂ ಕಸಿದುಕೊಂಡಿಲ್ಲ. ಈ ಅಧ್ಯಯನ ಇಲ್ಲದಿದ್ದರೂ ಅವ್ವನಿಗೆ ಅವತ್ತು ಸಿಗುತ್ತಿದ್ದದ್ದು ಅದೇ ಮಾತ್ರೆ, ಅದೇ ಡಾಕ್ಟರು. ತಿಂಗಳಿಗೊಮ್ಮೆ ಯಾರೋ ಕೂತು ಹೇಗಿದ್ದೀರಿ ಅಂತ ಕೇಳುವುದು ಮಾತ್ರ ಇರುತ್ತಿರಲಿಲ್ಲ.

‘ಮಾತಿನ ಚಿಕಿತ್ಸೆ ಒಳ್ಳೇದು ಅಂತ ಗೊತ್ತಿದ್ದ ಮೇಲೆ ಎಲ್ಲರಿಗೂ ಕೊಡಬಹುದಲ್ಲ, ಚೀಟಿ ಎತ್ತಿ ಗುಂಪು ಮಾಡುವುದು ಯಾಕೆ?’ ಅಂತ ನೀವು ಕೇಳಬಹುದು. ನೀವು ನೇಕಾರರು, ನಿಮಗೆ ಇದು ಬೇಗ ತಿಳಿಯುತ್ತದೆ. ಹೊಸ ಮಗ್ಗ ಮಾರಲು ಬಂದವನು ತನ್ನ ಮಗ್ಗಕ್ಕೆ ಒಳ್ಳೇ ನೂಲು, ನಿಮ್ಮ ಹಳೇ ಮಗ್ಗಕ್ಕೆ ತುಂಡಾಗುವ ನೂಲು ಹಾಕಿ ‘ನೋಡ್ರಿ, ನನ್ನದೇ ಚಲೋ’ ಅಂದರೆ ಒಪ್ಪುತ್ತೀರಾ? ಸಂಶೋಧಕಿ ತಾನೇ ಆರಿಸಲು ಕೂತರೆ ಹುರುಪಿನಿಂದ ಮಾತಾಡುವವರು, ಹತ್ತಿರದ ಊರಿನವರು, ಬೇಗ ಸುಧಾರಿಸುವ ಲಕ್ಷಣ ಇರುವವರೇ ಮಾತಿನ ಗುಂಪಿಗೆ ಸೇರಿಬಿಡುತ್ತಾರೆ. ಬೇಕು ಅಂತ ಮಾಡುವುದಲ್ಲ, ಮನುಷ್ಯನ ಸ್ವಭಾವ. ಖಿನ್ನತೆ ಕೆಲವರಲ್ಲಿ ಕಾಲ ಕಳೆದ ಹಾಗೆ ತಾನಾಗಿಯೂ ಇಳಿಯುತ್ತದೆ. ಹಾಗೆ ಇಳಿದದ್ದನ್ನು ನಾನೇ ಇಳಿಸಿದೆ ಅಂತ ಹೇಳಿಕೊಳ್ಳುವುದು ಸುಲಭ. ಚೀಟಿ ಇರುವುದು ನಮ್ಮಂಥವರ ಕೈ ಕಟ್ಟಲಿಕ್ಕೆ.

ಇಂಥ ಕೆಲಸದಿಂದ ಏನು ಬಂದಿದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಖಿನ್ನತೆ ಸಾಕಷ್ಟು ಜೋರಾಗಿದ್ದ 495 ಜನರನ್ನು ಹೀಗೇ ಚೀಟಿ ಮಾಡಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರರಿಂದ ಎಂಟು ಸಲ ಮಾತಿನ ಚಿಕಿತ್ಸೆ. ಕೊಟ್ಟವರು ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ. ಸ್ಥಳೀಯರನ್ನೇ ಆರಿಸಿ ತರಬೇತಿ ಕೊಟ್ಟಿದ್ದರು. ಮೂರು ತಿಂಗಳ ನಂತರ ಮಾತಿನ ಗುಂಪಿನಲ್ಲಿ 64 ಶೇಕಡಾ ಜನರ ಪಿಎಚ್‌ಕ್ಯೂ-9 ಅಂಕ ಹತ್ತಕ್ಕಿಂತ ಕೆಳಗೆ ಬಂದಿತ್ತು. ಇನ್ನೊಂದು ಗುಂಪಿನಲ್ಲಿ 39 ಶೇಕಡಾ. ಆ ಚಿಕಿತ್ಸೆಯ ಹೂರಣ ಸರಳ. ಬೇಜಾರು ಕಳೆದ ಮೇಲೆ ಕೆಲಸ ಮಾಡೋಣ ಅಂತ ಕಾಯಬೇಡಿ, ಸಣ್ಣ ಸಣ್ಣ ಕೆಲಸ ಹಿಡಿದರೆ ಬೇಜಾರು ಸಡಿಲ ಆಗುತ್ತದೆ. ದಿನಕ್ಕೆ ಒಂದೋ ಎರಡೋ ಕೆಲಸ ಮೊದಲೇ ಗೊತ್ತು ಮಾಡಿಕೊಂಡು, ಮಾಡಿ, ಹೇಗನಿಸಿತು ಅಂತ ನೋಡುವುದು. ನಿಮ್ಮ ಅವ್ವ ಮಾತಿನ ಗುಂಪಿಗೆ ಬರಲಿಲ್ಲ ಅಂತ ಇದನ್ನು ಮನೆಯಲ್ಲಿ ಮಾಡಬಾರದು ಅಂತ ಯಾರೂ ಹೇಳಿಲ್ಲ. ಸಂಜೆ ಹತ್ತು ನಿಮಿಷ ಕಂಡಿಕೆ ಸುತ್ತಲು ಕೂಡಿಸಿ, ನೀವೂ ಪಕ್ಕದಲ್ಲಿ ಕೂರಿ. ಎಷ್ಟಾಯ್ತು ಅಂತ ಲೆಕ್ಕ ಕೇಳಬೇಡಿ.

ಇನ್ನೊಂದು ಸಂಗತಿ ನಮ್ಮ ಕಡೆಯದೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಯತ್ನ ಮಾಡಿದರು. ಮಾನಸಿಕ ಕಾಯಿಲೆಗೆ ದೊಡ್ಡ ಮಾನಸಿಕ ಆಸ್ಪತ್ರೆ ಇರುವ ಬೆಂಗಳೂರಿಗೋ ಧಾರವಾಡಕ್ಕೋ ಓಡದೆ ಜಿಲ್ಲೆಯಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದಲೇ ಚಿಕಿತ್ಸೆ ಸಿಗುವ ಹಾಗೆ ಮಾಡಬಹುದಾ ಅಂತ ನೋಡಿದರು. ಮಾಡಬಹುದು ಅಂತ ತೋರಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಅದೇ ಬಳ್ಳಾರಿ ಮಾದರಿಯ ಮೇಲೆ. ನಮ್ಮಲ್ಲಿ ‘ಧಾರವಾಡಕ್ಕ ಕಳಸಬೇಕು ನೋಡು’ ಅಂದರೆ ಅದು ಬೈಗುಳ. ಇವತ್ತು ನಿಮ್ಮ ಅವ್ವ ಧಾರವಾಡದ ದಾರಿ ಹಿಡಿಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಂಡಳಲ್ಲ, ಅದರ ಹಿಂದೆ ಅವತ್ತು ಬಳ್ಳಾರಿಯ ಹಳ್ಳಿಗಳಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟ ಜನ ಇದ್ದಾರೆ.

ಅಷ್ಟಕ್ಕೇ ಎಲ್ಲ ಸಂಶೋಧನೆಯೂ ಒಳ್ಳೇದು ಅಂತಲ್ಲ. ಪ್ರಮೋಷನ್ನಿಗೆ, ಡಿಗ್ರಿಗೆ ಅಂತ ಪ್ರಶ್ನೆಪಟ್ಟಿ ಹಂಚಿ, ತುಂಬಿಸಿಕೊಂಡು, ಜನರ ಕಡೆ ಮತ್ತೆ ತಿರುಗಿಯೂ ನೋಡದ ಕೆಲಸಗಳು ನಮ್ಮ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಕಾಕಾ ಡಿಗ್ರಿ ಬಗ್ಗೆ ಹೇಳಿದ್ದು ಸುಳ್ಳಲ್ಲ. ಆ ಹುಡುಗಿಗೆ ಡಿಗ್ರಿ ಸಿಗುತ್ತದೆ, ಸಿಗಲಿ. ಡಿಗ್ರಿಗಾಗಿ ಮಾಡಿದ ಕೆಲಸವೂ ನಿಯತ್ತಿನದಾಗಿರಬಹುದು. ಹೌದೋ ಅಲ್ಲವೋ ಅನ್ನುವುದನ್ನು ನೀವೇ ಪರೀಕ್ಷೆ ಮಾಡಬಹುದು.

ಕನ್ನಡದಲ್ಲಿ ಬರೆದ ಮಾಹಿತಿ ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ, ಕೊಡಲೇಬೇಕು. ಅದರಲ್ಲಿ ಗೈಡ್ ಯಾರು, ಯಾವ ಸಂಸ್ಥೆ, ಸಂಶೋಧನೆಯಲ್ಲಿ ಜನಕ್ಕೆ ಅನ್ಯಾಯ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಆಗಿದೆಯಾ, ದೂರು ಕೊಡಬೇಕಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೆಲ್ಲ ಇರುತ್ತದೆ. ಎಥಿಕ್ಸ್ ಕಮಿಟಿ ಅಂದರೆ ಆಸ್ಪತ್ರೆಯವರೇ ಕೂತು ತಲೆ ಆಡಿಸುವ ಕೂಟ ಅಂತ ಬಹಳ ಜನ ತಿಳಿದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅದರಲ್ಲಿ 7ರಿಂದ 15 ಸದಸ್ಯರಿರಬೇಕು, ಅರ್ಧದಷ್ಟಾದರೂ ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ. ಕಾನೂನು ಬಲ್ಲವರೊಬ್ಬರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು. ಹೀಗೆ ಚೀಟಿ ಮಾಡಿ ಗುಂಪು ಮಾಡುವ ಅಧ್ಯಯನವನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಮೊದಲೇ ನೋಂದಾಯಿಸಬೇಕು. ನಂಬರ್ ಕೇಳಿಕೊಂಡರೆ ನಿಮ್ಮ ಮೊಬೈಲಿನಲ್ಲೇ ನೋಡಬಹುದು. ಏನು ಮಾಡುತ್ತೇವೆ ಅಂತ ಅಲ್ಲಿ ಬರೆದಿದ್ದಾರೋ ಇಲ್ಲಿ ಅದನ್ನೇ ಮಾಡುತ್ತಿದ್ದಾರೋ ಅಂತ ತಾಳೆ ಹಾಕಿ. ನಿಮ್ಮಿಂದ ಒಂದು ರೂಪಾಯಿ ಕೇಳಿದರೂ ಅಲ್ಲಿಗೆ ನಿಲ್ಲಿಸಿ. ಉಲ್ಟಾ, ಪ್ರಶ್ನೆಗಾಗಿಯೇ ಬರಬೇಕಾದ ದಿನ ಬಸ್ ಚಾರ್ಜು, ತಪ್ಪಿದ ಕೂಲಿ ಕೊಡುವ ವ್ಯವಸ್ಥೆ ಇದೆಯಾ ಅಂತ ನೀವು ಕೇಳಬಹುದು. ನಾಚಿಕೆ ಬೇಡ.

ಈಗ ನನಗೆ ನಿಜವಾಗಿ ಚುಚ್ಚಿದ ಸಾಲಿಗೆ ಬರುತ್ತೇನೆ. ‘ಒತ್ತು ಅಂದೆ, ಹೆಬ್ಬೆಟ್ಟು ಒತ್ತಿದಳು’ ಅಂತ ಬರೆದಿದ್ದೀರಿ. ಕೊನೆಗೆ ‘ಬಿಡಿಸಲಾ?’ ಅಂತ ಕೇಳಿದ್ದೀರಿ. ಸೇರಿಸಿದ್ದೂ ನೀವು, ಬಿಡಿಸುವುದೂ ನೀವು. ನಡುವೆ ಕಾಕಾ. ಅವ್ವ ಏನಂತಾಳೆ ಅನ್ನುವುದು ಪತ್ರದಲ್ಲಿ ಎಲ್ಲೂ ಇಲ್ಲ.

ಬೈಯುತ್ತಿಲ್ಲ. ನಮ್ಮ ಕಡೆ ಇದು ಪ್ರೀತಿಯಿಂದಲೇ ಆಗುತ್ತದೆ. ಕಾಯಿಲೆ ಬಿದ್ದವರಿಗೆ ತ್ರಾಸು ಬೇಡ ಅಂತ ಮನೆಯವರೇ ಎಲ್ಲ ತೀರ್ಮಾನ ಮಾಡುತ್ತಾರೆ. ಮಾನಸಿಕ ಕಾಯಿಲೆ ಅಂದ ಮೇಲಂತೂ ‘ಆಕಿಗೇನ್ ತಿಳೀತದ’ ಅಂದುಬಿಡುತ್ತಾರೆ. ಆದರೆ ಖಿನ್ನತೆ ಬಂದರೆ ಬುದ್ಧಿ ಹೋಗುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರ ಮೇ 29ರಿಂದ ಜಾರಿಯಲ್ಲಿದೆ. ಹೇಳಿದ್ದು ಅರ್ಥವಾಗಿ, ಒಪ್ಪಿದರೆ ಏನಾಗುತ್ತದೆ, ಒಪ್ಪದಿದ್ದರೆ ಏನಾಗುತ್ತದೆ ಅಂತ ತಿಳಿದು, ತನ್ನ ತೀರ್ಮಾನವನ್ನು ಹೇಗಾದರೂ ತಿಳಿಸಬಲ್ಲವರಿಗೆ ತಮ್ಮ ಚಿಕಿತ್ಸೆಯ ನಿರ್ಧಾರ ಮಾಡುವ ಸಾಮರ್ಥ್ಯ ಇದೆ ಅಂತಲೇ ಅದು ಹೇಳುತ್ತದೆ. ಸಂಶೋಧನೆಗೆಂದೇ ಅದರಲ್ಲಿ 99ನೇ ಕಲಂ ಇದೆ. ಮಾನಸಿಕ ಕಾಯಿಲೆ ಇರುವವರನ್ನು ಬರೀ ಸಂದರ್ಶನ ಮಾಡುವುದಾದರೂ ಅವರದೇ, ಒತ್ತಾಯ ಇಲ್ಲದ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ರೋಗಿ ಇಲ್ಲ ಅಂದಾಗಲೂ ಮನೆಯವರ ಸಹಿಯಷ್ಟೇ ಸಾಲದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಷ್ಟು ಬಿಗಿ. ನಿಮ್ಮ ಅವ್ವ ಆ ಸ್ಥಿತಿಯಲ್ಲಿ ಇಲ್ಲವೇ ಇಲ್ಲ. ಸಾವಿನಂಥ ಪ್ರಶ್ನೆಗೇ ಅಷ್ಟು ಸ್ಪಷ್ಟ ಉತ್ತರ ಕೊಟ್ಟವಳಿಗೆ ತಿಂಗಳಿಗೊಮ್ಮೆ ಬರಬೇಕೋ ಬೇಡವೋ ಅಂತ ಹೇಳಲು ಬರುವುದಿಲ್ಲವಾ?

ಓದಲು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಓದು ಬರಹ ಬಲ್ಲ, ಸಂಶೋಧನೆಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಕೂತು ಕೇಳಿ ಸಹಿ ಹಾಕಬೇಕು ಅನ್ನುವುದು ನಿಯಮ. ಅವತ್ತು ಆ ಹುಡುಗಿ ವಿವರಿಸಿದ್ದಾರೆ, ನಿಜ. ಆದರೆ ಬಸ್ಸಿನ ಗಡಿಬಿಡಿಯಲ್ಲಿ, ಮಗ ಒತ್ತು ಅಂದದ್ದಕ್ಕೆ ಒತ್ತಿದ ಹೆಬ್ಬೆಟ್ಟನ್ನು ನಾನು ಗೈಡ್ ಆಗಿದ್ದರೆ ಒಪ್ಪಿಗೆ ಅಂತ ಎಣಿಸುತ್ತಿರಲಿಲ್ಲ. ಇನ್ನೊಂದು ದಿನ ಬನ್ನಿ ಅನ್ನುತ್ತಿದ್ದೆ. ಹಾಗಾಗಿ ಮುಂದಿನ ಭೇಟಿಯಲ್ಲಿ ಒಂದೇ ಕೆಲಸ ಮಾಡಿ. ‘ಅವತ್ತು ಅವ್ವಗ ಸರಿಯಾಗಿ ತಿಳಿದಿಲ್ಲ, ಇನ್ನೊಮ್ಮೆ ಮೊದಲಿಂದ ಹೇಳ್ರಿ’ ಅಂತ ಕೇಳಿ, ನೀವು ಹೊರಗೆ ಬನ್ನಿ. ಒಳ್ಳೇ ಸಂಶೋಧಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ತಂಗಿಯ ಸಂಬಂಧದ ಚಿಂತೆ. ಪ್ರಬಂಧದಲ್ಲಿ ಹೆಸರು ಬರುವುದಿಲ್ಲ. ಹೆಸರಿರುವ ಹಾಳೆ ಬೇರೆ, ಉತ್ತರದ ಹಾಳೆ ಬೇರೆ. ಉತ್ತರದ ಮೇಲೆ ಬರೀ ಒಂದು ನಂಬರ್ ಇರುತ್ತದೆ. ಪಿಎಚ್‌ಡಿ ಪ್ರಬಂಧಗಳನ್ನು ಈಗ ಶೋಧಗಂಗಾ ಅನ್ನುವ ಜಾಲತಾಣಕ್ಕೆ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. ಅನುಮಾನ ಇದ್ದರೆ ಸೈಕಾಲಜಿಯ ಯಾವುದಾದರೂ ಒಂದನ್ನು ತೆರೆದು ನೋಡಿ. ಇಂಥ ವಯಸ್ಸಿನವರು ಇಷ್ಟು ಜನ, ಮದುವೆಯಾದವರು ಇಷ್ಟು, ಸರಾಸರಿ ಅಂಕ ಇಷ್ಟು ಅನ್ನುವ ಕೋಷ್ಟಕಗಳೇ ಪುಟಗಟ್ಟಲೆ ಸಿಗುತ್ತವೆ. ಗಂಡಿನ ಕಡೆಯವರು ಅದನ್ನು ಓದಿ ನಿಮ್ಮ ಮನೆ ಹುಡುಕುವುದು ಸಾಧ್ಯವಿಲ್ಲ. ಒಂದು ಕಡೆ ಮಾತ್ರ ಹುಷಾರಿರಬೇಕು. ಕೆಲವು ಅಧ್ಯಯನಗಳಲ್ಲಿ ಒಬ್ಬೊಬ್ಬರ ಕಥೆಯನ್ನು ವಿವರವಾಗಿ ಬರೆಯುತ್ತಾರೆ. ಹೆಸರು ಬಿಟ್ಟು ‘ಬನಹಟ್ಟಿಯ 54 ವರ್ಷದ ನೇಕಾರ ವಿಧವೆ, ಮನೆಯಲ್ಲಿ ನಾಲ್ಕು ಮಗ್ಗ’ ಅಂತ ಬರೆದರೆ ಊರವರಿಗೆ ಹೆಸರು ಬೇಕಾ? ಅಂಥ ಬರವಣಿಗೆ ಇದೆಯಾ ಅಂತ ಕೇಳಿ. ಇದ್ದರೆ ಊರು, ಉದ್ಯೋಗ ಬದಲಿಸಿ ಬರೆಯಬೇಕು ಅಂತ ಹೇಳಿ.

ನನ್ನ ಅನುಭವದಲ್ಲಿ ಗುಟ್ಟು ಹೊರಗೆ ಬೀಳುವುದು ಪುಸ್ತಕದಿಂದಲ್ಲ, ಓಣಿಯಿಂದ. ಫೈಲ್ ಹಿಡಿದ ಹುಡುಗಿಯೊಬ್ಬಳು ಮನೆ ಮುಂದೆ ಸ್ಕೂಟಿ ನಿಲ್ಲಿಸಿದರೆ ಎದುರು ಮನೆಯ ಕಟ್ಟೆಯಿಂದ ‘ಯಾರವ್ವಾ ಬಂದಿದ್ಲು?’ ಅಂತ ಬರುತ್ತದೆ. ಅದಕ್ಕೇ ಮನೆಗೆ ಬರುವುದು ಬೇಡ, ಆಸ್ಪತ್ರೆಯಲ್ಲೇ ಕಾಣುತ್ತೇವೆ ಅನ್ನಿ. ಫೋನ್ ಮಾಡಿದಾಗ ಯಾರ ಹತ್ತಿರ ಮಾತಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಅಂತಲೂ ಗೊತ್ತು ಮಾಡಿಕೊಳ್ಳಿ. ಫೋಟೋ, ರೆಕಾರ್ಡಿಂಗ್ ಏನಾದರೂ ಇದ್ದರೆ ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು, ಬೇಡ ಅನ್ನಬಹುದು. ಗೋಪ್ಯತೆ ಅನ್ನುವುದು ಮೇಲೆ ಹೇಳಿದ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇರುವ ಹಕ್ಕು. ಆದರೆ ಜೀವಕ್ಕೆ ಅಪಾಯ ಅನಿಸಿದರೆ ಸಂಶೋಧಕರು ಡಾಕ್ಟರಿಗೆ, ಮನೆಯವರಿಗೆ ತಿಳಿಸಿಯೇ ತಿಳಿಸುತ್ತಾರೆ. ಅವತ್ತು ನೀವೇ ನೋಡಿದಿರಿ.

ಇನ್ನು ಅವ್ವನ ಮುಂದೆ ಇರುವ ದಾರಿಗಳು. ಹೀಗೇ ಮುಂದುವರಿಯಬಹುದು. ಲಾಭ ಅಂದರೆ ತಿಂಗಳಿಗೊಮ್ಮೆ ಒಬ್ಬರು ಅಳತೆ ಮಾಡಿ ನೋಡುತ್ತಾರೆ, ಹದಗೆಟ್ಟರೆ ಬೇಗ ತಿಳಿಯುತ್ತದೆ. ನಷ್ಟ ಅಂದರೆ ಓಡಾಟ, ಒಂದು ದಿನದ ಕೆಲಸ, ಕೆಲವು ಪ್ರಶ್ನೆಯಿಂದ ಅಪ್ಪನ ನೆನಪು ಕೆದಕಿ ಅವತ್ತು ಸಂಜೆ ಮನಸ್ಸು ಭಾರ ಆಗಬಹುದು. ಬೇಡವಾದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವ ಹಕ್ಕಿದೆ. ಷರತ್ತು ಹಾಕಿಯೂ ಮುಂದುವರಿಯಬಹುದು, ಮೇಲೆ ಹೇಳಿದ ಹಾಗೆ. ಒಂದು ಮುಖ್ಯ ಷರತ್ತು ಸೇರಿಸಿ: ಅಧ್ಯಯನ ಮುಗಿದ ಮೇಲೆ ಎರಡನೇ ಗುಂಪಿನವರಿಗೂ ಮಾತಿನ ಚಿಕಿತ್ಸೆ ಕೊಡುತ್ತೀರಾ? ಎಷ್ಟೋ ಅಧ್ಯಯನಗಳಲ್ಲಿ ಕೊಡುತ್ತಾರೆ. ಕೊಡುತ್ತೇವೆ ಅಂದರೆ ಯಾವ ತಿಂಗಳು, ಯಾರು ಅಂತ ಬರೆಸಿಕೊಳ್ಳಿ. ಯಾಕೆಂದರೆ ಪಿಎಚ್‌ಡಿ ಮುಗಿದ ಮೇಲೆ ಆ ಹುಡುಗಿ ಬೇರೆ ಊರಿಗೆ ಹೋಗಿರುತ್ತಾರೆ. ಅವರೇ ನಮ್ಮ ಡಾಕ್ಟರು ಅಂದುಕೊಂಡ ಅವ್ವನಂಥವರು ‘ಆ ತಂಗಿ ಯಾಕ ಬರವಲ್ಲಳು’ ಅಂತ ದಾರಿ ಕಾಯುವುದನ್ನು ನಾನು ಕಂಡಿದ್ದೇನೆ. ಚಿಕಿತ್ಸೆ ಕೊಡುವವರು ಮನೋವೈದ್ಯರು, ಈ ಹುಡುಗಿ ಅಳೆಯುವವರು. ಇದನ್ನು ಅವ್ವನಿಗೆ ಈಗಲೇ ಬಿಡಿಸಿ ಹೇಳಿ.

ಬಿಟ್ಟುಬಿಡಲೂಬಹುದು. ಕಾರಣ ಹೇಳಬೇಕಿಲ್ಲ, ‘ಬ್ಯಾಡ್ರಿ’ ಅಂದರೆ ಸಾಕು. ಹಾಗೆ ಬಿಟ್ಟದ್ದಕ್ಕೆ ಮಾತ್ರೆ ನಿಲ್ಲಿಸುವ, ಔಷಧಿ ಚೀಟಿ ತಡ ಮಾಡುವ, ಮುಖ ತಿರುಗಿಸುವ ಹಕ್ಕು ಆಸ್ಪತ್ರೆಯ ಯಾರಿಗೂ ಇಲ್ಲ. ಬಿಟ್ಟ ಮೇಲೆ ಮಾತಿನ ಚಿಕಿತ್ಸೆ ಬೇರೆ ಕಡೆ ಸಿಗುತ್ತದಾ ಅಂದರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇದೆ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿಯಾಗಿ ತೋರಿಸುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ನಂಬರ್ ಇದೆಯಾ ಅಂತ ಮೊದಲು ಕೇಳಿ. ಬೋರ್ಡಿನ ಮೇಲೆ ‘ಕೌನ್ಸೆಲರ್’ ಅಂತ ಬರೆದ ಮಾತ್ರಕ್ಕೆ ಆ ತರಬೇತಿ ಇದೆ ಅಂತ ಅರ್ಥವಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಬರೆದಷ್ಟರಲ್ಲಿ ಬಿಟ್ಟು ಓಡಬೇಕಾದಂಥ ದೋಷ ನನಗೆ ಕಾಣಲಿಲ್ಲ. ಷರತ್ತಿನೊಂದಿಗೆ ಮುಂದುವರಿಯುವುದು ಪರವಾಗಿಲ್ಲ ಅನಿಸುತ್ತದೆ. ಆದರೆ ಅವ್ವ ಬೇಡ ಅಂದರೆ ನನ್ನ ಅಭಿಪ್ರಾಯಕ್ಕೂ, ನಿಮ್ಮದಕ್ಕೂ, ಕಾಕಾನದಕ್ಕೂ ಅಲ್ಲಿ ಜಾಗವಿಲ್ಲ. ಅವ್ವನ ಕಾಯಿಲೆ ಜಾಸ್ತಿ ಆದರೆ, ಸಾವಿನ ಮಾತು ಹೆಚ್ಚಾದರೆ, ಯಾವ ಗುಂಪು ಅಂತ ನೋಡದೆ ಆಕೆಗೆ ಬೇಕಾದ ಚಿಕಿತ್ಸೆ ಕೊಡಬೇಕು. ಅಧ್ಯಯನ ಕೆಡುತ್ತದೆ ಅಂತ ಯಾರಾದರೂ ತಡೆದರೆ ಕೂಡಲೇ ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ.

ಬಿಟ್ಟರೆ ಈಗಾಗಲೇ ಕೊಟ್ಟ ಉತ್ತರಗಳು ಏನಾಗುತ್ತವೆ ಅನ್ನುವುದು ಮಾಹಿತಿ ಪತ್ರದಲ್ಲಿ ಇರಬೇಕು. ಸಾಮಾನ್ಯವಾಗಿ ಅಲ್ಲಿಯವರೆಗಿನದನ್ನು ಹೆಸರಿಲ್ಲದೆ ಇಟ್ಟುಕೊಳ್ಳುತ್ತಾರೆ. ಅದೂ ಬೇಡ, ತೆಗೆದುಹಾಕಿ ಅಂತ ಕೇಳಬಹುದು. ನಂಬರಿಗೂ ಹೆಸರಿಗೂ ಇರುವ ಕೊಂಡಿ ಅಳಿಸಿದ ಮೇಲೆ ಯಾವ ಹಾಳೆ ಯಾರದು ಅಂತ ಅವರಿಗೇ ತಿಳಿಯುವುದಿಲ್ಲ, ಆದ್ದರಿಂದ ಕೇಳುವುದಿದ್ದರೆ ತಡ ಮಾಡದೆ ಕೇಳಿ. ಬಾಯಲ್ಲಿ ಹೇಳಿದರೂ ನಡೆಯುತ್ತದೆ. ಎರಡು ಸಾಲು ಬರೆದು ಅವ್ವನ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ನೀವಿಟ್ಟುಕೊಂಡರೆ ಇನ್ನೂ ಒಳ್ಳೇದು.